ಅಮ್ಮನ ಮುಖದ ಮೊಡವೆ

೧೪ ಫೆಬ್ರವರಿ ೨೦೧೨, ಮಂಗಳವಾರ. ಸಂಜೆ ೪.೩೦

ಗಂಜಿ ಮೂರು ಚಮಚ. ನಾಲ್ಕನೆಯದಕ್ಕೆ ಅಮ್ಮ ಕೈ ಅಡ್ಡ ಹಿಡಿದಳು. ಬೆಳಗಿನ ಹಾಲು ಹಾಗೆಯೇ ಇತ್ತು, ಕೆನೆ ಕಟ್ಟಿ. ಮರಗಮ್ಮ ಹೇಳಿದ್ದು ಮಾತ್ರ ಬೇರೆ — "ಅವ್ವಾರು ಅರ್ಧಾ ಲೋಟ ಕುಡದಾರ್ರೀ ಅಕ್ಕಾ." ಲೋಟ ನನ್ನ ಕಣ್ಣೆದುರೇ ಇದೆ. ಬೈಯಲಿಲ್ಲ. ನಾನು ಆಫೀಸಿಗೆ ಹೋದಾಗ ಅಮ್ಮನ ಹತ್ತಿರ ಇರುವವಳು ಅವಳೊಬ್ಬಳೇ. ನನ್ನ ಸಮಾಧಾನಕ್ಕೆಂದು ಸುಳ್ಳು ಹೇಳುತ್ತಾಳೆ, ಪಾಪ.

ಮಲಗಿದರೆ ಉಸಿರು ಕಟ್ಟುತ್ತದೆ. ದಿಂಬು ಒರಗಿಸಿ ಕೂರಿಸಿಟ್ಟಿದ್ದೇವೆ. ಕಳೆದ ವಾರ ಶ್ವಾಸಕೋಶದ ಸುತ್ತಲಿನ ನೀರು ತೆಗೆದರು... ಮತ್ತೆ ತುಂಬುತ್ತದಂತೆ. ಕೀಮೋ ತಡೆದುಕೊಳ್ಳುವ ಶಕ್ತಿ ಇಲ್ಲ ಎಂದು ಠಾಣೆ ನೌಪಾಡಾದ ಡಾಕ್ಟರ್ ಹೇಳಿಯಾಗಿದೆ. ಬಯಾಪ್ಸಿಯ ಎರಡನೇ ರಿಪೋರ್ಟಿನಲ್ಲಿ ಏನೋ ಒಂದು ಬಂದಿದೆ, ಅಂಥವರಿಗೆ ಕೆಲವೊಮ್ಮೆ ಒಂದು ಗುಳಿಗೆ ಹಿಡಿಯುತ್ತದೆ, ನೋಡೋಣ ಎಂದರು. ದಿನಕ್ಕೊಂದು. ಇವತ್ತಿನಿಂದ ಶುರು. "ನೋಡೋಣ" ಎನ್ನುವಾಗ ನನ್ನ ಮುಖ ನೋಡಲಿಲ್ಲ.

ಹೊಗೆ ಎಂದರೆ ಊದುಬತ್ತಿಯದ್ದು ಮಾತ್ರ ಗೊತ್ತಿದ್ದ ಹೆಂಗಸು. ಅವಳಿಗೆ ಶ್ವಾಸಕೋಶದ ಕ್ಯಾನ್ಸರ್. ಅಮ್ಮ ಆ ಹೆಸರು ಹೇಳುವುದಿಲ್ಲ, "ಅದು" ಎನ್ನುತ್ತಾಳೆ. ಅದು ಇವತ್ತು ಬೆನ್ನಿಗೆ ಬಂದಿದೆ. ಅದು ಇವತ್ತು ಸ್ವಲ್ಪ ಸುಮ್ಮನಿದೆ. ಮನೆಗೆ ಬಂದ ಹಟಮಾರಿ ನೆಂಟನ ಸುದ್ದಿ ಹೇಳಿದ ಹಾಗೆ.

ಕನ್ನಡದಲ್ಲಿ ಬರೆಯುವುದರ ಲಾಭ — ಈ ಡೈರಿ ಆಫೀಸಿನ ಮೇಜಿನ ಮೇಲೆ ಬಿದ್ದಿದ್ದರೂ ಯಾರೂ ಓದಲಾರರು. ಡೊಂಬಿವಲಿಯ ಕನ್ನಡ ಶಾಲೆಯಲ್ಲಿ ಕಲಿತದ್ದಕ್ಕೆ ನಲವತ್ತರ ಹತ್ತಿರ ಬಂದ ಮೇಲೆ ಸಿಕ್ಕಿದ ಉಪಯೋಗ.

೧೮ ಫೆಬ್ರವರಿ, ಶನಿವಾರ

ಡೊಂಬಿವಲಿಯಿಂದ ಜಯಲತಾ ಆಂಟಿ, ಜೊತೆಗೆ ಭಜನಾ ಮಂಡಳಿಯ ಇಬ್ಬರು. ಜಯಲತಾ ಆಂಟಿ ಅಮ್ಮನ ಪಕ್ಕದ ಮನೆಯವರು. ಅಮ್ಮನನ್ನು ಇಲ್ಲಿ ನನ್ನ ಫ್ಲ್ಯಾಟಿಗೆ ಕರೆತಂದಾಗಿನಿಂದ ಅಲ್ಲಿಯ ಬೀಗದ ಕೈ ಅವರ ಹತ್ತಿರವೇ ಇದೆ. ಎಳನೀರು ತಂದಿದ್ದರು, ಪ್ರಸಾದ ತಂದಿದ್ದರು. ಸಾಲಾಗಿ ಕೂತು ಸೆರಗಿನಿಂದ ಮೂಗು ಒರೆಸಿಕೊಂಡರು. ಚಾ ಮಾಡಿದೆ. ಯಾರೂ ಮುಟ್ಟಲಿಲ್ಲ. ಹೊತ್ತಾಯಿತು ಎಂದು ಒಬ್ಬರು ಎದ್ದರು, ಉಳಿದವರೂ ಎದ್ದರು, ಲಿಫ್ಟಿನ ಬಾಗಿಲು ಮುಚ್ಚಿತು.

ಅಮ್ಮ ಕಣ್ಣು ಮುಚ್ಚಿಕೊಂಡಿದ್ದಳು. ನಿದ್ದೆ ಎಂದುಕೊಂಡೆ.

"ಜಯಲತಾ... ಬರ್ಪೆ ಅಂತ... ಹೇಳ್ಲಿಲ್ಲ."

ನಾನೂ ಅದನ್ನು ಗಮನಿಸಿದ್ದು ಆಗಲೇ. ನಮ್ಮ ತುಳುವರು ಯಾರ ಮನೆಯಿಂದ ಹೊರಟರೂ "ಬರ್ಪೆ" ಎಂದೇ ಹೊರಡುವುದು. ಹೋಗುತ್ತೇನೆ ಎನ್ನುವ ಮಾತೇ ಇಲ್ಲ, ಬರುತ್ತೇನೆ ಎನ್ನಬೇಕು. ಸಾವಾದ ಮನೆಯಲ್ಲಿ ಮಾತ್ರ ಹಾಗೆ ಹೇಳಬಾರದು. ಸುಮ್ಮನೆ ಎದ್ದು ಹೋಗಬೇಕು, ಚಾ ನೀರು ಮುಟ್ಟಬಾರದು. ಆ ಮೂವರಿಗೆ ಅಂಥ ಕೆಟ್ಟ ಮನಸ್ಸೇನಿಲ್ಲ. ಬಾಯಿ ತಾನಾಗಿ ಕಟ್ಟಿರಬೇಕು.

"ಮರೆತಿರಬೇಕಮ್ಮ."

"ಮರೆಯುವ ಮಾತಾ ಅದು." ಅಷ್ಟಕ್ಕೇ ಏದುಸಿರು. ಬೆನ್ನು ನೀವುತ್ತ ಕೂತೆ. ಮೂರು ಲೋಟ ಚಾ ಸಿಂಕಿಗೆ ಚೆಲ್ಲಿದೆ. ಜಯಲತಾ ಆಂಟಿಯ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

೨೯ ಫೆಬ್ರವರಿ

ಅಮ್ಮನಿಗೆ ಮೊಡವೆ. ಮೂಗಿನ ಮೇಲೆ, ಗಲ್ಲದ ಮೇಲೆ, ಹಣೆ ತುಂಬ — ಕೆಂಪು ಕೆಂಪು. ಹೊಟ್ಟೆಯೂ ಸರಿಯಿಲ್ಲ. ಹೆದರಿ ಡಾಕ್ಟರಿಗೆ ಫೋನು ಮಾಡಿದೆ. ಅವರ ದನಿಯಲ್ಲಿ ನಗು. ಗುಳಿಗೆ ಹಿಡಿಯುವವರಿಗೆ ಹೆಚ್ಚಾಗಿ ಹೀಗೆ ಏಳುತ್ತದಂತೆ, ಒಳ್ಳೆಯ ಸೂಚನೆಯಂತೆ. ಆಸೆ ಇಟ್ಟುಕೊಳ್ಳಬಹುದೇ ಎಂದು ಕೇಳುವ ಧೈರ್ಯ ಬರಲಿಲ್ಲ. ಯಾವ ಮುಲಾಮು ಹಚ್ಚಲಿ ಎಂದು ಕೇಳಿ ಫೋನಿಟ್ಟೆ.

"ಎಂತ ಅಂತೆ?"

"ಮೊಡವೆ ಬಂದದ್ದು ಒಳ್ಳೇದಂತೆ."

"ನಿನಗೆ ಹತ್ತನೇ ಕ್ಲಾಸಲ್ಲಿ ಬಂದಾಗ ಊಟ ಬಿಟ್ಟು ಅತ್ತಿದ್ದಿ, ನೆನಪುಂಟಾ? ಕಡ್ಲೆಹಿಟ್ಟು ಹಚ್ಚಿ ಹಚ್ಚಿ ಡಬ್ಬ ಖಾಲಿ ಮಾಡಿದ್ದಿ."

ಒಂದೇ ಉಸಿರಿಗೆ ಹೇಳಿದಳು. ಹೇಳಿ ಮುಗಿಸಿದ ಮೇಲೆ ನನಗೆ ಅದು ಹೊಳೆಯಿತು. ಅಮ್ಮನಿಗೆ ಹೊಳೆಯಲಿಲ್ಲ. ನಾನೂ ಹೇಳಲಿಲ್ಲ.

೧೧ ಮಾರ್ಚ್, ಭಾನುವಾರ

ಬಂಗುಡೆ ಬೇಕಂತೆ. ಗಂಜಿ ಮುಖದ ಹತ್ತಿರ ತಂದರೆ ನಾಳೆಯಿಂದ ಮರಗಮ್ಮನಿಗೇ ಕುಡಿಸು ಎಂದಳು. ಹಳೆಯ ಹಳ್ಳಿಯ ಕಡೆಯ ಮೀನು ಮಾರ್ಕೆಟಿಗೆ ಓಡಿದೆ. ಅರೆದದ್ದು ನಾನು, ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಹುಕುಂ ಅವಳದ್ದು. ಹುಳಿ ಸಾಲದು. ಮೆಣಸು ಹುರಿದದ್ದು ಸಾಲದು. "ಇದೆಂತ ಗಸಿ ಮಾರಾಯ್ತಿ, ಆಸ್ಪತ್ರೆಯ ಸೂಪಿನ ಹಾಗೆ." ಇಷ್ಟೆಲ್ಲ ಹೇಳಿ ಒಂದು ಇಡೀ ಮೀನು ತಿಂದಳು. ತಲೆಯನ್ನೂ ಬಿಡಲಿಲ್ಲ.

ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

೩ ಏಪ್ರಿಲ್

ಬರೆಯಲಿಲ್ಲ ಇಷ್ಟು ದಿನ. ಬರೆದರೆ ದೃಷ್ಟಿಯಾದೀತು ಎಂಬ ಭಯ. ಓದಿದವಳು, ಆದರೂ ಭಯವೇ.

ಇವತ್ತು ಆಫೀಸಿನಿಂದ ಬಂದು ಚೀಲದಲ್ಲಿ ಬೀಗದ ಕೈ ಹುಡುಕುತ್ತಿರುವಾಗ ಬಾಗಿಲು ಒಳಗಿನಿಂದ ತೆರೆಯಿತು. ಅಮ್ಮ. ನೈಟಿಯ ಮೇಲೆ ಟವೆಲು, ಕೈಯಲ್ಲಿ ಸಟ್ಟುಗ. ಒಳಗೆಲ್ಲ ಒಗ್ಗರಣೆಯ ವಾಸನೆ. "ಚಪ್ಪಲಿ ಅಲ್ಲೇ ಬಿಡು. ಈಗಷ್ಟೇ ಒರೆಸಿದ್ದು." ಒರೆಸಿದ್ದು ಅವಳೇ. ಮರಗಮ್ಮ ಮೂಲೆಯಲ್ಲಿ ಕೂತು ಟಿ.ವಿ. ನೋಡುತ್ತಿದ್ದಳು. "ನನಗ ಕೆಲಸಾನ ಕೊಡವಲ್ರು ಅಕ್ಕಾ" ಎಂದು ದೂರಿದಳು.

ಈ ಫ್ಲ್ಯಾಟಿಗೆ ಬಂದು ಆರು ವರ್ಷ. ಡೊಂಬಿವಲಿಯಿಂದ ದಿನಾ ಠಾಣೆಯಲ್ಲಿ ಗಾಡಿ ಬದಲಿಸಿ ಸಾಕಾಗಿತ್ತು. ಅಮ್ಮ ತರುವ ಗಂಡುಗಳ ಫೋಟೋ ನೋಡಿ ಅದಕ್ಕಿಂತ ಹೆಚ್ಚು ಸಾಕಾಗಿತ್ತು. ಮಹಾಪೆಯ ಆಫೀಸಿಗೆ ಹತ್ತಿರ ಎಂಬ ನೆಪ ಹೇಳಿ ಬಂದೆ. ಮೊದಲ ವರ್ಷ ಎಷ್ಟು ಖುಷಿ! ಆಮೇಲೆ ಭಾನುವಾರ ಸಂಜೆಗಳು ಹೇಗೋ ಉದ್ದವಾಗತೊಡಗಿದವು. ಆರು ವರ್ಷದಲ್ಲಿ ಈ ಬಾಗಿಲನ್ನು ಒಳಗಿನಿಂದ ಯಾರೂ ನನಗಾಗಿ ತೆರೆದಿರಲಿಲ್ಲ.

ನಾನು ಸುಖವಾಗಿದ್ದೇನೆ. ಅಮ್ಮನಿಗೆ ಅಂಥ ಕಾಯಿಲೆ, ನಾನು ಸುಖವಾಗಿದ್ದೇನೆ. ಹೇಳಿಕೊಳ್ಳಲು ನಾಚಿಕೆ. ಇಲ್ಲಿ ಬರೆಯಬಹುದು.

೨೦ ಏಪ್ರಿಲ್, ಶುಕ್ರವಾರ

ಸ್ಕ್ಯಾನ್. ಡಾಕ್ಟರ್ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಬೆಳಕಿಗೆ ಹಿಡಿದರು. ಮುಷ್ಟಿಯಷ್ಟಿದ್ದದ್ದು ನೆಲ್ಲಿಕಾಯಿಯಷ್ಟಾಗಿದೆ. ನೀರು ಇಲ್ಲ. ಇಷ್ಟು ನಾನೂ ನಿರೀಕ್ಷಿಸಿರಲಿಲ್ಲ ಎಂದರು. ಅಮ್ಮ ಎದ್ದು ಅವರಿಗೆ ಕೈಮುಗಿದು ಹೊರಗೆ ಹೋಗಿ ಕೂತಳು. ಅದೇ ಗುಳಿಗೆ ತಿನ್ನುವ ಮರಾಠಿ ಹೆಂಗಸೊಬ್ಬಳು ಅಲ್ಲಿದ್ದಳು. ಇಬ್ಬರೂ ಮೊಡವೆ ಹೋಲಿಸಿ ನೋಡುತ್ತಿರುವುದು ಬಾಗಿಲ ಸಂದಿಯಿಂದ ಕಾಣಿಸಿತು.

ನಾನು ಒಳಗೇ ಉಳಿದೆ. ಗುಣವಾದ ಹಾಗೆಯೇ? ಎಂದು ಕೇಳಿದೆ.

ಡಾಕ್ಟರ್ ಪೆನ್ನಿನ ಮುಚ್ಚಳ ಹಾಕಿದರು. ಇಲ್ಲ ಎಂದರು. ಇದೆಲ್ಲ ಗುಳಿಗೆ ಕೆಲಸ ಮಾಡುತ್ತಿರುವಷ್ಟು ಕಾಲ ಮಾತ್ರ. ಸಾಮಾನ್ಯವಾಗಿ ಹತ್ತು ತಿಂಗಳು, ಒಂದು ವರ್ಷ. ಕೆಲವರಿಗೆ ಇನ್ನೂ ಸ್ವಲ್ಪ. ಆಮೇಲೆ ರೋಗ ಗುಳಿಗೆಯನ್ನು ಕಲಿತುಬಿಡುತ್ತದೆ, ಅದರ ನಂತರ ನನ್ನ ಕೈಯಲ್ಲಿ ಹೆಚ್ಚೇನೂ ಇಲ್ಲ. ಅವರಿಗೆ ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು.

ರಿಕ್ಷಾದಲ್ಲಿ ಅಮ್ಮ ಕೇಳಿದಳು — "ಎಂತ ಹೇಳಿದ್ರು ಅಷ್ಟು ಹೊತ್ತು?"

"ಚೆನ್ನಾಗಿ ಉಂಟು ಅಂದ್ರು. ಗುಳಿಗೆ ಬಿಡಬಾರದು ಅಂತೆ."

"ಅದಕ್ಕೆ ಅಷ್ಟು ಹೊತ್ತಾ!" ಎಂದು ಹೊರಗೆ ನೋಡುತ್ತ ಕೂತಳು. ಗೋಖಲೆ ರೋಡಿನಲ್ಲಿ ರಿಕ್ಷಾ ನಿಲ್ಲಿಸಿ, ಚೀಲದಲ್ಲಿದ್ದ ಸೀರೆ ತೆಗೆದು ಫಾಲು ಹಚ್ಚಲು ಕೊಟ್ಟಳು.

೫ ಮೇ, ಶನಿವಾರ

ಡೊಂಬಿವಲಿಗೆ ಹೋಗಿ ಬಂದೆವು. ಯಾಕೆಂದು ಕೇಳಿದ್ದಕ್ಕೆ "ಒಂದು ಲೆಕ್ಕ ಬಾಕಿ ಉಂಟು" ಎಂದಳು. ಫಾಲು ಹಚ್ಚಿಸಿದ ಸೀರೆ, ತಲೆಗೆ ಅಬ್ಬಲಿಗೆ ಬಣ್ಣದ ಕ್ಲಿಪ್ಪು, ಮುಖದ ತುಂಬ ಮೊಡವೆ. ಲೋಕಲ್‌ನಲ್ಲಿ ಒಬ್ಬಳು ಎದ್ದು ಸೀಟು ಕೊಟ್ಟರೆ ಬೇಡ ಎಂದಳು.

ಜಯಲತಾ ಆಂಟಿ ಬಾಗಿಲು ತೆರೆದವರು ಎದೆಯ ಮೇಲೆ ಕೈಯಿಟ್ಟು ನಿಂತುಬಿಟ್ಟರು.

"ಚಾ ಇಡು ಜಯಲತಾ. ಅವತ್ತು ನೀನು ಕುಡಿಯದೆ ಹೋದದ್ದೂ ಸೇರಿ ನಾನೇ ಕುಡಿಯುತ್ತೇನೆ."

ಆಂಟಿಗೆ ಅರ್ಥವಾಯಿತು. ಮುಖ ಸಣ್ಣದಾಯಿತು. ಸ್ಟವ್ ಕಡೆ ತಿರುಗಿಕೊಂಡೇ ಹೇಳಿದರು — "ಬಾಯಿಯವರೆಗೆ ಬಂದಿತ್ತು ಹರಿಣಾಕ್ಷಕ್ಕ. ಬರ್ಪೆ ಅಂತ ಹೇಳಿ, ಮತ್ತೊಮ್ಮೆ ಬರುವಾಗ ನೀವು ಇಲ್ಲದಿದ್ರೆ... ಹೇಳಿದ ಮಾತು ಸುಳ್ಳಾಗ್ತದಲ್ಲ ಅಂತ ನುಂಗಿದೆ."

ಅಮ್ಮ ಸಕ್ಕರೆ ಡಬ್ಬವನ್ನು ಅವರತ್ತ ಸರಿಸಿದಳು. "ಸಕ್ಕರೆ ಹಾಕು ಸರಿಯಾಗಿ. ನನಗೆ ಇರುವುದು ಅದು ಮಾತ್ರ, ಸಕ್ಕರೆ ಕಾಯಿಲೆ ಇಲ್ಲ" ಎಂದಳು. ಇಬ್ಬರೂ ನಕ್ಕು ನಕ್ಕು ಕೆಮ್ಮಿದರು. ಹೆಚ್ಚು ಕೆಮ್ಮಿದ್ದು ಆಂಟಿ. ಮಂಡಳಿಯಲ್ಲಿ ಅಮ್ಮನ ತಾಳವನ್ನು ಎ ವಿಂಗಿನ ಹೊಸ ಸೊಸೆಗೆ ಕೊಟ್ಟಿದ್ದಾರೆಂಬ ಸುದ್ದಿಯೂ ಬಂತು. "ಅವಳಿಗೆ ತಾಳ ಹಿಡಿದು ಗೊತ್ತುಂಟಾ?" ಅಮ್ಮನ ಕಣ್ಣಿನಲ್ಲಿ ಹಳೆಯ ಜಗಳಗಂಟಿ ಬಂದು ಕೂತಳು. ಎಷ್ಟು ತಿಂಗಳಾಗಿತ್ತು ಅವಳನ್ನು ನೋಡಿ.

ಆಮೇಲೆ ಕೀ ಇಸಿದುಕೊಂಡು ತನ್ನ ಮನೆ ತೆರೆದಳು. ಕಿಟಕಿಗಳನ್ನೆಲ್ಲ ತೆರೆದಳು. ಗುಡಿಸಿದಳು. ಅಪ್ಪನ ಫೋಟೋ ಒರೆಸಿ, ನೀರು ತುಂಬಿಟ್ಟು, ಮಂಚದ ತುದಿಯಲ್ಲಿ ಕೂತಳು. ಹೊರಡುವ ಎಂದರೆ ಇನ್ನೊಂದು ಗಳಿಗೆ, ಇನ್ನೊಂದು ಗಳಿಗೆ. ನನಗೆ ಆಗಲೇ ಅನುಮಾನ ಬಂತು, ಕಿಟಕಿ ಮುಚ್ಚತೊಡಗಿದೆ.

೮ ಮೇ

ಹೇಳಿದಳು. ಊಟಕ್ಕೆ ಕೂತಾಗ, ಉಪ್ಪಿನಕಾಯಿ ಬಡಿಸುತ್ತ. "ಮುಂದಿನ ತಿಂಗಳು ನಾನು ಮನೆಗೆ ಹೋಗ್ತೇನೆ."

ಇದು ಮನೆಯಲ್ಲವೇ ಎಂದೆ.

"ಇದು ನಿನ್ನ ಮನೆ. ಇಲ್ಲಿ ಲಿಫ್ಟಿನಲ್ಲಿ ಎಲ್ಲರೂ ತಬಿಯತ್ ಕೈಸಾ ಹೈ, ಆರೋಗ್ಯ ಹೇಗುಂಟು ಅಂತ ಕೇಳ್ತಾರೆ. ಅಲ್ಲಿ ತೊಂಡೆಕಾಯಿ ಎಲ್ಲಿಂದ ತಂದಿರಿ ಅಂತ ಕೇಳ್ತಾರೆ."

ನಾನೂ ಬರುತ್ತೇನೆ, ಮುಂಚಿನ ಹಾಗೆ ಅಲ್ಲಿಂದಲೇ ಹೋಗಿ ಬರುತ್ತೇನೆ ಎಂದೆ. ಬೇಡ ಎಂದಳು. ಬೆಳಗಿನ ಶಿಫ್ಟಿಗೆ ಕತ್ತಲಲ್ಲಿ ಓಡಬೇಕು, ಕಂಪನಿಯ ಗಾಡಿ ಅಲ್ಲಿಗೆ ಬರುವುದಿಲ್ಲ. ಇದೆಲ್ಲ ಹೇಳಿದ ಮೇಲೆ ನಿಜವಾದದ್ದು ಬಂತು — "ನೀನು ಬಂದ್ರೆ ನನ್ನನ್ನು ಪುನಃ ಮಂಚದಲ್ಲಿ ಕೂರಿಸ್ತಿ. ನಾನು ಎದ್ದರೆ ನಿನ್ನ ಕಣ್ಣು ನನ್ನ ಕಾಲಿನ ಮೇಲೆ, ಕೆಮ್ಮಿದ್ರೆ ಎದೆಯ ಮೇಲೆ. ನನಗೆ ಉಸಿರು ಕಟ್ತದೆ ಮಗಾ."

ಡಾಕ್ಟರ್ ಒಪ್ಪುವುದಿಲ್ಲ, ಆಸ್ಪತ್ರೆಗೆ ಹತ್ತಿರವೇ ಇರಬೇಕಂತೆ ಎಂದು ಸುಳ್ಳು ಬಿಟ್ಟೆ. ಸುಮ್ಮನಾದಳು.

೧೧ ಮೇ

ಸುಮ್ಮನಾದದ್ದು ಇವತ್ತಿಗಾಗಿ. ಡಾಕ್ಟರ್ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಪರೀಕ್ಷಿಸುತ್ತಿರುವಾಗಲೇ, ತನ್ನ ಮನೆಗೆ ಹೋಗಲೇ ಎಂದು ಮರಾಠಿಯಲ್ಲಿ ಕೇಳಿದಳು — "ಡಾಕ್ಟರ್, ಮೀ ಡೊಂಬಿವಲೀಲಾ ಜಾಊ ಕಾ? ಮಾಝ್ಯಾ ಘರೀ?"

"ಜಾ ಕೀ ಆಜಿ" ಎಂದರು. ಧಾರಾಳ ಹೋಗಿ ಅಜ್ಜಿ ಎಂದು. ನಾನು ಕಣ್ಣು ಹಿರಿದು ಮಾಡಿ ನೋಡುತ್ತಿದ್ದೆ. ಅವರೂ ನನ್ನನ್ನು ನೋಡಿದರು. ಮತ್ತೆ ಅಮ್ಮನಿಗೇ ಹೇಳಿದರು, ಇಷ್ಟವಿದ್ದಲ್ಲಿ ಇರಿ, ಚೆನ್ನಾಗಿ ತಿನ್ನಿ. ಅವರ ಮೇಲೆ ಸಿಟ್ಟು ಬಂತು. ಯಾಕೆ ಹಾಗೆ ಹೇಳಿದರೆಂದು ಗೊತ್ತಿತ್ತು, ಅದಕ್ಕೇ ಇನ್ನೂ ಹೆಚ್ಚು ಸಿಟ್ಟು.

೧೩ ಮೇ, ಭಾನುವಾರ

ಹೊಸ ಗ್ರೈಂಡರ್ ತಂದೆ. ಬಾಲ್ಕನಿಗೆ ತುಳಸಿಕಟ್ಟೆ ತಂದೆ. ಸೆಕ್ಟರಿನ ಕನ್ನಡ ಸಂಘದ ಹೆಂಗಸರ ಭಜನೆ ಎಲ್ಲಿ, ಯಾವಾಗ ಎಂದು ವಿಚಾರಿಸಿ ಬಂದೆ. ಅಮ್ಮ ಗ್ರೈಂಡರ್ ತಿರುಗಿಸಿ ನೋಡಿದಳು. "ಒಳ್ಳೇದುಂಟು. ಡೊಂಬಿವಲಿಗೆ ಕೊಂಡೋಗ್ಲಿಕ್ಕೆ ಭಾರ."

ಒಂದು ಮಾತು ಸಾಕು. ಅಮ್ಮಾ, ಇದು ಹೆಚ್ಚೆಂದರೆ ಬರುವ ವರ್ಷದವರೆಗೆ. ಅಷ್ಟು ಹೇಳಿದರೆ ಹೋಗುವುದಿಲ್ಲ. ಗಂಟು ಬಿಚ್ಚುತ್ತಾಳೆ, ಈ ಕೋಣೆಯಲ್ಲೇ ಕೂರುತ್ತಾಳೆ, ನಾನು ಬಂದಾಗ ಬಾಗಿಲು ತೆರೆಯುತ್ತಾಳೆ. ಆದರೆ ಸಟ್ಟುಗ ಹಿಡಿದು ತೆರೆಯುವುದಿಲ್ಲ. ತಾಳಕ್ಕಾಗಿ ಯಾರೊಂದಿಗೂ ಜಗಳಾಡುವುದಿಲ್ಲ. ದಿನಾ ಬೆಳಿಗ್ಗೆ ಎದ್ದು "ಅದು" ಎಲ್ಲಿಯವರೆಗೆ ಬಂತು ಎಂದು ನೋಡಿಕೊಳ್ಳುತ್ತಾಳೆ.

ಸಂಜೆ ಬಟ್ಟೆ ಮಡಚುತ್ತ ಎದುರುಬದುರು ಕೂತಿದ್ದೆವು. "ಎಂತದೋ ಹೇಳ್ಲಿಕ್ಕುಂಟು ನಿನಗೆ" ಎಂದಳು. ಬಾಯಿ ತೆರೆದೆ. ಗಂಟಲಿನವರೆಗೆ ಬಂತು.

"ಮಳೆ ಶುರುವಾಗುವ ಮೊದಲೇ ಹೋಗುವ. ಆಮೇಲೆ ಸಾಮಾನು ಒದ್ದೆಯಾಗ್ತದೆ," ಎಂದೆ.

ಎಷ್ಟು ಖುಷಿಪಟ್ಟಳು! ಎದ್ದು ಬಂದು ತಲೆಗೆ ಎಣ್ಣೆ ಹಚ್ಚಿದಳು. ಅವಳ ಬೆರಳಲ್ಲಿ ಶಕ್ತಿ ಬಂದಿದೆ. ನಾನು ಮುಖ ತಗ್ಗಿಸಿ ಕೂತಿದ್ದೆ, ಕಣ್ಣು ಉರಿಯಿತು, ಎಣ್ಣೆ ಎಂದೆ.

೯ ಜೂನ್, ಶನಿವಾರ

ಬಿಟ್ಟು ಬಂದೆ. ಮರಗಮ್ಮ ಅಳುತ್ತ ಟೆಂಪೋದವರೆಗೆ ಬಂದಳು, ಅವಳಿಗೆ ಇನ್ನೊಂದು ಮನೆ ಹುಡುಕಿ ಕೊಟ್ಟಿದ್ದೇನೆ. ಶಿಲ್ ರೋಡಿನಲ್ಲಿ ಟ್ರಾಫಿಕ್. ಅಮ್ಮ ದಾರಿಯುದ್ದಕ್ಕೂ ಡ್ರೈವರನಿಗೆ ಹಿಂದಿಯಲ್ಲಿ ದಾರಿ ಹೇಳಿದಳು, ಅವನು ಕಲ್ಯಾಣದವನೇ ಆಗಿದ್ದರೂ. ಮನೆ ತಲುಪಿದ ಕೂಡಲೇ ಹೆಂಗಸರು ಸೇರಿದರು. ನನಗೆ ಕೂರಲು ಜಾಗವಿರಲಿಲ್ಲ. ಹೊರಡುವಾಗ ಅವಳು ಯಾರಿಗೋ ಮೊಡವೆಯ ಕಥೆ ಹೇಳುತ್ತಿದ್ದಳು, ಕೈ ಎತ್ತಿದಳು ಅಷ್ಟೇ.

೧೧ ಜೂನ್, ಸೋಮವಾರ

ಬೀಗ ತೆರೆದೆ. ಒಳಗೆ ಸಂಜೆ. ಗ್ರೈಂಡರಿನ ಮೇಲೆ ಬಟ್ಟೆ ಹೊದಿಸಿ ಹೋಗಿದ್ದಾಳೆ.

ಅಮ್ಮ ಗುಣವಾದದ್ದಕ್ಕೆ ಹೋದಳು. ಇದನ್ನು ಯಾರ ಹತ್ತಿರ ಹೇಳಿ ಅಳುವುದು? ಆಫೀಸಿನಲ್ಲಿ ಎಲ್ಲರೂ ಪೇಡೆ ಕೇಳುತ್ತಿದ್ದಾರೆ.

೨೨ ಜುಲೈ

ಶನಿವಾರ ಹೋಗುತ್ತೇನೆ, ಭಾನುವಾರ ಬರುತ್ತೇನೆ. ಈ ವಾರ ಬರಬೇಡ ಎಂದಳು. ಮಂಡಳಿಯವರು ಟಿಟ್ವಾಳಾದ ಗಣಪತಿ ದೇವಸ್ಥಾನಕ್ಕೆ ಹೋಗುತ್ತಿದ್ದಾರಂತೆ. ಇಡೀ ದಿನ ಮಲಗಿದ್ದೆ. ಮಳೆ. ಒಂದು ಮಾತೂ ಆಡಲಿಲ್ಲ ಎಂಬುದು ಸಂಜೆ ಹಾಲಿನವನಿಗೆ "ಕಲ್ ಸೆ ಆಧಾ ಲೀಟರ್", ನಾಳೆಯಿಂದ ಅರ್ಧ ಲೀಟರ್ ಸಾಕು ಎನ್ನುವಾಗ ಗೊತ್ತಾಯಿತು. ದನಿ ಹೊರಡಲಿಲ್ಲ, ಕೆಮ್ಮಿ ಮತ್ತೆ ಹೇಳಿದೆ.

೨೫ ಸೆಪ್ಟೆಂಬರ್

ತಾಳ ವಾಪಸ್ ಗೆದ್ದುಕೊಂಡಿದ್ದಾಳೆ. ಗಣಪತಿಯ ಭಜನೆಯಲ್ಲಿ ಹೊಸ ಸೊಸೆ ಎರಡು ಸಲ ತಪ್ಪಿದಳಂತೆ. ಫೋನಿನಲ್ಲಿ ಅರ್ಧ ಗಂಟೆ ಇದೇ. ನಾನು ಹ್ಞೂಂ ಹ್ಞೂಂ ಎನ್ನುತ್ತ ಅವಳ ಮಾತಿನ ನಡುವಿನ ಉಸಿರು ಕೇಳುತ್ತಿದ್ದೆ. ಸರಿಯಾಗಿತ್ತು.

೧೮ ನವೆಂಬರ್

ಫೋನಿನಲ್ಲಿ ಅಮ್ಮನ ಮಾತು ಎರಡು ಕಡೆ ನಿಂತಿತು. ನೆಟ್‌ವರ್ಕ್ ಎಂದಳು. ದೀಪಾವಳಿಯ ಹೊಗೆ ಎಂದಳು. ಮುಖದ ಮೊಡವೆಯೆಲ್ಲ ಹೋಗಿ ಚರ್ಮ ನುಣ್ಣಗಾಗಿದೆ ಎಂದು ಹೆಮ್ಮೆಯಿಂದ ಹೇಳಿದಳು. ನನಗೆ ನಿದ್ದೆಯಿಲ್ಲ. ಸ್ಕ್ಯಾನಿಗೆ ಬಾ ಎಂದರೆ ಮಂಡಳಿಯ ವಾರ್ಷಿಕೋತ್ಸವ ಆಗಲಿ ಎನ್ನುತ್ತಾಳೆ.

೨ ಡಿಸೆಂಬರ್, ಭಾನುವಾರ. ಡೊಂಬಿವಲಿ. ಬೆಳಿಗ್ಗೆ ೧೧

ಹೇಳದೆ ಬಂದೆ. ಬೀಗ. ಫೋನು ಮಾಡಿದರೆ ಒಳಗೇ ರಿಂಗಾಗುತ್ತಿದೆ, ಚಾರ್ಜಿಗೆ ಇಟ್ಟು ಮಾರ್ಕೆಟಿಗೆ ಹೋಗಿರಬೇಕು. ಜಯಲತಾ ಆಂಟಿಯ ಮನೆಗೂ ಬೀಗ. ಮೂರನೇ ಮಹಡಿಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಇಲ್ಲಿ ಲಿಫ್ಟ್ ಇಲ್ಲ.

ಸ್ಕ್ಯಾನಿಗೆಂದು ಇವತ್ತೇ ಕರೆದುಕೊಂಡು ಹೋಗಲೇಬೇಕು. ಅದಕ್ಕಾಗಿ ಎಲ್ಲವನ್ನೂ ಹೇಳಬೇಕಾಗಿ ಬಂದರೆ ಹೇಳುವುದು ಎಂದು ಗಾಡಿಯಲ್ಲಿ ನಿಶ್ಚಯ ಮಾಡಿಕೊಂಡಿದ್ದೇನೆ. ಹೇಗೆ ಶುರು ಮಾಡುವುದು ಎಂದು ಮಾತ್ರ

ಕೆಳಗೆ ಅವಳ ದನಿ. ವಾಚ್‌ಮನ್‌ಗೆ ಏನೋ ಹೇಳಿ ನಗುತ್ತಿದ್ದಾಳೆ. ಹತ್ತುತ್ತಿದ್ದಾಳೆ. ಚಪ್ಪಲಿಯ ಸದ್ದು ಚುರುಕಾಗಿಯೇ ಇದೆ. ನಾನೇ ಸುಮ್ಮನೆ ಏನೇನೋ ಕಲ್ಪಿಸಿಕೊಂಡೆ. ಮೊದಲ ಮಹಡಿ ದಾಟಿದಳು.

ನಿಂತಿತು. ಎರಡನೇ ಮಹಡಿ ಇನ್ನೂ ಬಂದಿಲ್ಲ, ನಡುವೆಯೇ. ಯಾರಾದರೂ ಸಿಕ್ಕಿರಬಹುದು. ಮಾತು ಕೇಳಿಸುತ್ತಿಲ್ಲ. ಚೀಲ ಕೆಳಗಿಟ್ಟ ಸದ್ದು. ಉಸಿರು ಇಲ್ಲಿಯವರೆಗೆ ಕೇಳಿಸುತ್ತಿದೆ.

ಇಳಿದು ಹೋಗಿ ಚೀಲ ತೆಗೆದುಕೊಳ್ಳಲೇ? ಹೋದರೆ ನಾನು ಕೇಳಿಸಿಕೊಂಡೆ ಎಂದು ಅವಳಿಗೆ ಗೊತ್ತಾಗುತ್ತದೆ. ಇಲ್ಲೇ ಕೂತರೆ, ಸುಧಾರಿಸಿಕೊಂಡು, ಸೆರಗು ಸರಿ ಮಾಡಿಕೊಂಡು, ಏನೂ ಆಗದವಳ ಹಾಗೆ ಮೇಲೆ ಬರುತ್ತಾಳೆ. "ನೀನು ಯಾವಾಗ ಬಂದದ್ದು" ಎನ್ನುತ್ತಾಳೆ. ಈಗಷ್ಟೇ ಎನ್ನಬಹುದು.

ಇನ್ನೂ ನಿಂತೇ ಇದ್ದಾಳೆ. ಕಬ್ಬಿಣದ ಸರಳಿಗೆ ಕೈ ತಾಗಿತು. ಒಂದು ಮೆಟ್ಟಿಲು. ಇನ್ನೊಂದು. ಮತ್ತೆ ನಿಂತಿತು.